ಜೇಡಿಯೊಳಗಿನ ಮರ

ಈ ಸಲವೂ ತಾನು ಬಾಯಿ ಬಿಡುವುದಿಲ್ಲವೇನೋ ಎಂದು ಅವಳಿಗೆ ತನ್ನ ಮೇಲೇ ಅನುಮಾನ. ಮೈಕ್ರೋಸ್ಕೋಪಿನಿಂದ ಮುಖ ತೆಗೆದು, ಕಣ್ಣೊರೆಸಿಕೊಂಡು, ಮತ್ತೆ ನೋಡಿದಳು. ಪರಾಗ ಅಲ್ಲೇ ಇತ್ತು. ಮೂಲೆಗಳು ದುಂಡಗಾದ ತ್ರಿಕೋನ, ಮೂಲೆಗೊಂದು ರಂಧ್ರ. ಬಿಳಿ ತೊಗಟೆಯ ಭೂರ್ಜ ಮರದ್ದೇ.

ಬೆನ್ನ ಹಿಂದೆ ಮೇಡಂ ಫೋನಿನಲ್ಲಿ ತಮ್ಮ ಅಕ್ಕನ ಜೊತೆ ಮಾತಾಡುತ್ತಿದ್ದರು. "ಮರ ಸಿಕ್ತು ಕಣೇ. ಸರೋವರದ ತಳದಲ್ಲಿ, ಹಿಮನದಿ ಬಿಟ್ಟುಹೋದ ಜೇಡಿಯಲ್ಲೇ. ಹಿಮ ಸರಿದ ಮೇಲೆ ಮೊದಲು ಬಂದದ್ದು ಬರೀ ಹುಲ್ಲು, ಮಾಚಿಪತ್ರೆ ಅಂತಿದ್ರಲ್ಲ ಎಲ್ಲ? ಮಧ್ಯಾಹ್ನದ ಸಭೇಲಿ ಅವರ ಬಾಯಿ ಮುಚ್ಚಿಸ್ತೀನಿ... ನಾನಲ್ಲ, ನಮ್ಮ ಮೌನಗೌರಿ ಕಂಡುಹಿಡಿದದ್ದು. ಪ್ರಬಂಧದಲ್ಲಿ ಅವಳ ಹೆಸರೇ ಮೊದಲು ಹಾಕಿದೀನಿ."

ಅವಳ ಕಿವಿ ಬಿಸಿಯಾಯಿತು. ನಿನ್ನೆ ಕುಣಿಯುವಷ್ಟು ಖುಷಿಯಾಗಿತ್ತು. ಇವತ್ತು ಕಂಡದ್ದೇ ಬೇರೆ. ಪಕ್ಕದ ಮಾಚಿಪತ್ರೆಯ ಪರಾಗಗಳು ಬರೀ ಸಿಪ್ಪೆ. ಸಾವಿರಾರು ವರ್ಷ ಕೆಸರಲ್ಲಿದ್ದು, ಆಮ್ಲದಲ್ಲಿ ತೊಳೆಸಿಕೊಂಡು ಒಳಗೆಲ್ಲ ಖಾಲಿ. ಭೂರ್ಜದ್ದು ಮಾತ್ರ ಈಗಷ್ಟೇ ಉಂಡೆದ್ದಂತೆ ಹೊಟ್ಟೆ ತುಂಬಿಕೊಂಡು ಕೂತಿತ್ತು.

ಜೇಡಿಯನ್ನು ತೊಳೆದ ಮೇಲೆ ಸ್ಲೈಡು ಮಾಡುವುದು ಕಿಟಕಿ ಪಕ್ಕದ ಮೇಜಿನ ಮೇಲೆ. 'ಹೂ ಬಿಡುವ ಕಾಲದಲ್ಲಿ ಕಿಟಕಿ ತೆರೆಯಬಾರದು' ಎಂಬ ಚೀಟಿ ಗಾಜಿಗೆ ಅಂಟಿಕೊಂಡಿದೆ, ಮೇಡಂ ಅವರದೇ ಅಕ್ಷರದಲ್ಲಿ. ಬೆಳಿಗ್ಗೆ ಬಂದೊಡನೆ ಕಿಟಕಿ ತೆರೆಯುವವರೂ ಅವರೇ. "ಈ ವಾಸನೇಲಿ ಕೂತ್ರೆ ನಾವೇ ಪಳೆಯುಳಿಕೆ ಆಗೋದು" ಎನ್ನುತ್ತಾರೆ. ಅವರು ಕಾಫಿಗೆ ಹೋದಾಗ ಇವಳು ಸದ್ದಿಲ್ಲದೆ ಮುಚ್ಚುತ್ತಾಳೆ.

ಫೋನಿಟ್ಟು ಮೇಡಂ ಹತ್ತಿರ ಬಂದು, ಅವಳ ಕಾಲರು ಸರಿಮಾಡಿದರು. ಮುಖದಲ್ಲಿ ಹತ್ತು ವರ್ಷ ಇಳಿದಿತ್ತು.

"ನೀನೂ ಎರಡು ಮಾತಾಡಬೇಕು. ತಪ್ಪಿಸ್ಕೊಳ್ಳೋ ಹಾಗಿಲ್ಲ."

"ಹ್ಞೂಂ."

"ಅದು ಅರ್ಧ ಮಾತೂ ಅಲ್ಲ ತಾಯಿ. ಈಗಲೇ ಹೇಳು, ನೋಡೋಣ. ನಾನೇ ಸಭೆ ಅಂದುಕೋ." ಸ್ಟೂಲ್ ಎಳೆದುಕೊಂಡು, ಕೈಕಟ್ಟಿ, ಗಂಭೀರವಾಗಿ ಕೂತೇಬಿಟ್ಟರು.

ಅವಳಿಗೆ ನಗು ಬಂತು. ಎದ್ದು ಕಿಟಕಿಯ ಹತ್ತಿರ ಹೋದಳು. ಹೊರಗೆ ಬಿಳಿ ತೊಗಟೆಯ ಮರ ಹೂಗೊಂಚಲು ಇಳಿಬಿಟ್ಟುಕೊಂಡು ತೂಗುತ್ತಿತ್ತು. ಚೌಕಟ್ಟಿನ ಮೇಲೆ ಬೆರಳಾಡಿಸಿದಳು. ಪರಾಗ ಮೆತ್ತಿ ತುದಿ ಹಳದಿಯಾಯಿತು.

"ನಮಗೆ ಸಿಕ್ಕ ಮರ ಸರೋವರದ್ದಲ್ಲ, ಮೇಡಂ," ಎಂದಳು. "ಇದು."