ಎಡಗಡೆಯ ಸೊನ್ನೆ

ಗಾಜಿಗೆ ಹತ್ತಿಯ ಎಳೆಯೊಂದು ಅಂಟಿಕೊಂಡಿದೆ, ಜಿನ್ನಿಂಗ್ ಮಿಲ್ಲಿನ ಕಡೆಯಿಂದ ಹಾರಿ ಬಂದದ್ದು, ಬೀಳಲೊಲ್ಲದು, ಹಾರಲೊಲ್ಲದು, ಹೊರಗೆ ಜಟಕಾ ಹೋದಾಗೊಮ್ಮೆ ಒಂದಿಷ್ಟು ನಡುಗುತ್ತದೆ, ಅದರ ಹಿಂದೆ ನಮ್ಮ ಓಣಿಯ ಉಚ್ಚಮ್ಮನ ಮೂಗು, ಗಾಜಿಗೆ ಒತ್ತಿ ಚಪ್ಪಟೆಯಾದ ಮೂಗು, ಗುರುಪಾದಯ್ಯ ಮೇಷ್ಟ್ರ ಅಂತ ಬಾಯಿ ಆಡುವುದು ಕಾಣುತ್ತದೆ, ದನಿ ಕೇಳುವುದಿಲ್ಲ, ಚಲೋ ಆಯಿತು, ಕೇಳದಿದ್ದರೇ ಚಲೋ – ನಿಂತವನ ಭುಜ ಎರಡೂ ಕಡೆ ತಾಗುವಂಥ ಈ ಫೋನಿನ ಪೆಟ್ಟಿಗೆಯಲ್ಲಿ ಹೊಸ ಬಣ್ಣದ ವಾಸನೆ, ಆದೋನಿಗೆ ಎಸ್‌ಟಿಡಿ ಬಂದು ಮೂರೇ ತಿಂಗಳು, ಹಳದಿ ಬೋರ್ಡು ಇನ್ನೂ ಮಿರಿಮಿರಿ ಅನ್ನುತ್ತಿದೆ, ಗಡಿಯಾರದಲ್ಲಿ ನಾಲ್ಕೂ ಮೂವತ್ತೈದು. ಐದಕ್ಕೆ ಕರ್ನೂಲಿನ ಆಫೀಸು ಮುಚ್ಚುತ್ತದೆ. ಇವತ್ತು ಬುಧವಾರ, ನಾಳೆ ಬೇಸ್ತವಾರ ರಿಪೇರಿ ಬಂಡಿ ಕೌತಾಳಂ ಕಡೆಗೆ ಬರುತ್ತದೆ, ಐದರೊಳಗೆ ಊರಿನ ಹೆಸರು ಬರೆಸಿದವರ ಬೋರಿಂಗ್ ಕೈಪಂಪಿಗೆ ಮಾತ್ರ ಕೈ ಹಚ್ಚುತ್ತಾರೆ, ತಪ್ಪಿದರೆ ಮುಂದಿನ ತಿಂಗಳು, ಅಂದರೆ ಇನ್ನೂ ಒಂದು ತಿಂಗಳು ನಮ್ಮ ಓಣಿಯ ಹೆಂಗಸರು ಹಳ್ಳದ ಒರತೆ ತೋಡಿ ಚರಿಗೆಯಲ್ಲಿ ಮೊಗೆದು ಮೊಗೆದು ಕೊಡ ತುಂಬಬೇಕು. ಇಪ್ಪತ್ತು ದಿನ ಆಯಿತು, ಬೋರಿಂಗಿನ ಹಿಡಿಕೆ ಮೇಲಕ್ಕೂ ಕೆಳಕ್ಕೂ ಹಗುರಾಗಿ ಆಡುತ್ತದೆ, ಒಳಗೆ ರಾಡು ಕಳಚಿ ಬಿದ್ದಿದೆ, ನೀರಿಲ್ಲ. ಸರಪಂಚನಿಗೆ ಹೇಳೋಣ್ರಿ ಅಂದಳು ಉಚ್ಚಮ್ಮ, ನಾನೇ ಬೇಡ ಅಂದೆ, ಕಟ್ಟೆಯ ಮೇಲೆ ಕುಳಿತು, ಹತ್ತು ಜನ ಹೆಂಗಸರ ಮುಂದೆ – ಫೋನ್ ಮಾಡಿದ್ರ ಮುಗೀತವ್ವ, ನಂಬರ್ ನನ್ನ ಹತ್ರ ಐತಿ, ನಾನು ಮಾಡ್ತೀನಿ.

ನಂಬರು ನನ್ನ ಹತ್ತಿರ ಇದೆ, ಸುಳ್ಳಲ್ಲ. ಮಂಡಲ ಆಫೀಸಿನ ಗೋಡೆಗೆ ಹೊಡೆದ ತಗಡಿನ ಮೇಲೆ ಇತ್ತು, ಬೋರಿಂಗ್ ಕೆಟ್ಟರೆ ಈ ನಂಬರಿಗೆ ತಿಳಿಸಿರಿ ಅಂತ ತೆಲುಗಿನಲ್ಲಿ, ಕೆಳಗೆ ಉದ್ದಕ್ಕೆ ಅಂಕಿಗಳು, ಮೊದಲಿಗೊಂದು ಸೊನ್ನೆ – ಬಣ್ಣ ಹೊಡೆಯುವವನಿಗೆ ಜಾಗ ಹೆಚ್ಚಾಗಿ ಉಳಿದಿರಬೇಕು ಅಂದುಕೊಂಡೆ, ನಕ್ಕೆ, ಡೈರಿಯಲ್ಲಿ ಸೊನ್ನೆ ಬಿಟ್ಟು ಎಂಟು ಐದು ಒಂದು ಎಂಟು ಅಂತ ಶುರು ಮಾಡಿ ಬರೆದುಕೊಂಡೆ. ಎಡಗಡೆಯ ಸೊನ್ನೆಗೆ ಬೆಲೆಯಿಲ್ಲ, ಮೂವತ್ತೆಂಟು ವರ್ಷ ಹೇಳಿದ ಮಾತು, ಕರಿಹಲಗೆಯ ಮೇಲೆ ಇಪ್ಪತ್ತೈದು ಬರೆದು ಅದರ ಎಡಕ್ಕೊಂದು ದುಂಡನೆಯ ಸೊನ್ನೆ ಬರೆಯುವುದು, ಮಕ್ಕಳ ಕಡೆ ತಿರುಗುವುದು, ಆಮೇಲೆ ಅಂಗೈಯಿಂದ ಅದನ್ನು ಒರೆಸುವುದು, ಇಪ್ಪತ್ತೈದಕ್ಕ ಏನರ ನೋವಾತೇನ್ರಲೇ, ಇಲ್ಲ ಸಾ, ಕಮ್ಮಿ ಆತೇನ್ರಲೇ, ಇಲ್ಲ ಸಾ. ಒರೆಸಿದರೂ ಹಲಗೆಯ ಮೇಲೆ ಮಸುಕಾಗಿ ಒಂದು ಉಂಗುರ ಉಳಿಯುತ್ತಿತ್ತು, ಅದನ್ನು ಯಾರು ನೋಡುತ್ತಾರೆ. ಹಾಗೇ ಇವತ್ತೂ, ಬೆರಳು ಹಾಕಿ ತಿರುವಿದೆ, ಎಂಟು, ಐದು, ಒಂದು, ಎಂಟು, ಮುಂದಿನ ಅಂಕಿಗೆ ಹೋಗುವುದರೊಳಗೆ ಅತ್ತ ಗಂಟೆ ಬಾರಿಸಿಯೇಬಿಟ್ಟಿತು, ಸರ್ಕಾರ ಇಷ್ಟು ಚುರುಕಾಗಿದೆಯಲ್ಲ ಅಂತ ಸಂತೋಷವಾಯಿತು, ಮೊದಲಾದರೆ ಪೋಸ್ಟಾಫೀಸಿನಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಬೇವಿನ ಗಿಡದ ಕೆಳಗೆ ಮೂರು ತಾಸು ಕೂತು, ಮೂರು ನಿಮಿಷಕ್ಕೆ ಇಷ್ಟು ಅಂತ ಕೊಟ್ಟು, ಅದರಲ್ಲಿ ಎರಡು ನಿಮಿಷ ಹಲೋ ಹಲೋ ಅನ್ನುವುದಕ್ಕೇ ಹೋಗುತ್ತಿತ್ತು – ಯಾರು ಬೇಕ್ರೀ, ಹೆಂಗಸಿನ ದನಿ, ಕನ್ನಡ, ನಮ್ಮ ಮಾತೇ. ಅಮ್ಮಾ, ನಮ್ಮ ಓಣಿ ಬೋರಿಂಗ್ ಕೆಟ್ಟೈತ್ರಿ. ಹೌದೇನ್ರೀ, ನಮ್ಮನಿಯೊಳಗ ಬೋರಿಂಗ್ ಇಲ್ಲ, ಬಾವಿ ಅದ. ಬಾವಿ ಅಲ್ಲವ್ವ, ಬೋರಿಂಗ್, ಹೆಸರು ಬರ್ಕೊಳ್ರಿ. ಯಾರ ಹೆಸರ್ರೀ, ನಾ ಒಲೀ ಮ್ಯಾಲೆ ಎಣ್ಣಿ ಇಟ್ಟು ಬಂದೀನಿ. ಇಟ್ಟುಬಿಟ್ಟಳು. ಆಫೀಸಿನಲ್ಲಿ ಒಲೆ.

ಸಾರ್, ಅಂದ ಬೂತಿನ ಮಾರೆಣ್ಣ, ಬಾಗಿಲು ಒಂದಿಷ್ಟು ತೆಗೆದು, ಒಂದು ಕಾಲು ಸಣ್ಣದು ಅವನದು, ಅಂಥವರಿಗೇ ಈ ಬೂತು ಕೊಟ್ಟಿದ್ದಾರೆ, ಬಾಗಿಲ ಕಟ್ಟು ಹಿಡಿದು ನಿಲ್ಲುತ್ತಾನೆ – ಸಾರ್, ಮುಂದ ಒಂದು ಸೊನ್ನಿ... ಅಂದು ಅಲ್ಲಿಗೇ ನಿಲ್ಲಿಸಿದ. ನಾನು ನೋಡಿದೆ. ಬರೇ ನೋಡಿದೆ, ಕನ್ನಡಕದ ಮೇಲಿಂದ ನೋಡಿದೆ, ಆ ನೋಟಕ್ಕೆ ಹಿಂದೆ ಇಡೀ ಮೂರನೇ ಕ್ಲಾಸು ಮಗ್ಗಿ ಶುರು ಮಾಡುತ್ತಿತ್ತು. ಇಲ್ಲ ಬಿಡ್ರಿ ಸಾರ್, ನಿಮಗ ತಿಳೀದಾ, ಅಂದು ಬಾಗಿಲು ಮುಚ್ಚಿದ. ಎಲ್ಲೋ ನೋಡಿದ ಮುಖ, ಮಾರೆಣ್ಣ, ಮಾರೆಣ್ಣ, ಮುಂದೆ ಜಾಗ ಇದ್ದರೂ ಹಿಂದಿನ ಸಾಲಿನ ಕೊನೆಗೆ ಕೂಡುತ್ತಿದ್ದವನು, ಕಾಲು ಚಾಚಲಿಕ್ಕೆ – ಇರಲಿ, ಇನ್ನೊಮ್ಮೆ. ಎಂಟು, ಐದು, ಒಂದು, ಎಂಟು. ಮತ್ತ ನೀವೇ ಏನ್ರೀ, ನಿಮ್ಮ ಬೋರಿಂಗ್ ಇನ್ನೂ ಆಗ್ಲಿಲ್ಲೇನು. ಇದೇನು ಸರ್ಕಾರ, ಚೇಷ್ಟೆ ಮಾಡುತ್ತದೆ. ನೋಡ್ರಿ ಅಮ್ಮ, ನಾನು ಮೇಷ್ಟ್ರು, ನಲವತ್ತು ಮನಿ ನೀರಿನ ವಿಷಯ, ನಿಮ್ಮ ಮ್ಯಾಲಿನೋರಿಗೆ ಕೊಡ್ರಿ ಫೋನು. ಮ್ಯಾಲಿನೋರು ಮಠಕ್ಕ ಹೋಗ್ಯಾರ್ರೀ, ಬರೂದು ಆರಕ್ಕ. ಮಠಕ್ಕಾ? ಇಟ್ಟೆ. ನಾನೇ ಇಟ್ಟೆ ಈ ಸಲ. ಹೊರಗೆ ಉಚ್ಚಮ್ಮ ಗಾಜಿನ ಮೇಲೆ ಬೆರಳಿಂದ ಟಕಟಕ, ಬಾಗಿಲು ಸರಿಸಿ ತಲೆ ಒಳಗೆ ಹಾಕಿ, ಏನ್ ಮೇಷ್ಟ್ರ, ಬೀಗರ ಮನೀಗೆ ಹಚ್ಚೀರೇನು, ನಗ್ತಾ ಇದ್ದಂಗ ಐತಿ ಅಲ್ಲಿ ಯಾರೋ, ನಿಮ್ಮ ಮಾರಿ ನೋಡಿದ್ರ ಗೊತ್ತಾಕ್ಕೈತಿ. ಸುಮ್ನಿರವ್ವ, ಸರ್ಕಾರದ್ದು. ಸರ್ಕಾರ ನಗತೈತೇನು, ಅಂತಾಳೆ, ಸೆರಗಿನ ಗಂಟಿನಲ್ಲಿ ಓಣಿಯವರು ಕೂಡಿಸಿಕೊಟ್ಟ ಚಿಲ್ಲರೆ, ಅದನ್ನು ಮುಷ್ಟಿಯಲ್ಲಿ ಹಿಡಿದೇ ಇದ್ದಾಳೆ ಬಸ್ಸು ಹತ್ತಿದಾಗಿನಿಂದ, ಸೀಟಿನಲ್ಲಿ ಕೂತಾಗಲೂ ಬಿಟ್ಟಿರಲಿಲ್ಲ.

ನಾಲ್ಕೂ ನಲವತ್ತೆಂಟು. ಬೆವರು ಕಿವಿಯ ಹಿಂದೆ ಇಳಿಯುತ್ತಿದೆ, ಫೋನು ಕಿವಿಗೆ ಅಂಟುತ್ತದೆ, ಈಗ ಆಗದಿದ್ದರೆ ಊರಲ್ಲಿ ಬಸ್ಸಿಳಿದು ಕಟ್ಟೆಯ ಮುಂದೆ ಹ್ಯಾಗೆ ಹಾಯ್ದು ಹೋಗುವುದು, ಗಾದಿಲಿಂಗಮ್ಮ ಕೇಳುತ್ತಾಳೆ, ಬಸುರಿ ಹೆಂಗಸು, ಆರು ತಿಂಗಳು, ಒರತೆಯ ದಂಡೆ ಹತ್ತುವಾಗ ಕೊಡ ಕೆಳಗಿಟ್ಟು ಸೊಂಟಕ್ಕೆ ಕೈ ಇಟ್ಟು ನಿಲ್ಲುತ್ತಾಳಲ್ಲ, ಹಾಗೇ ನಿಂತು ಕೇಳುತ್ತಾಳೆ, ಯಾವಾಗ ಬರ್ತಾರ್ರಿ ಮೇಷ್ಟ್ರ – ಎಂಟು, ಐದು, ಒಂದು, ಎಂಟು. ಬಂದ್ರಿ, ಬಂದ್ರಿ, ನೀವೇ ಅಂತ ಗೊತ್ತಾತು, ಹಿಟ್ಟಿನ ಕೈಲೇ ಬಂದೆ. ಅಮ್ಮಾ, ಇದು ಕರ್ನೂಲ್ ಅಲ್ಲೇನ್ರಿ. ಅಲ್ರೀ, ಇದು ಆದೋನಿ, ಕೋಟೆ ಹತ್ರ, ನಾ ಮಥುರಾಬಾಯಿ, ನೀವು ಎಲ್ಲಿಂದ್ರೀ? ನಾನೂ ಆದೋನಿಯಿಂದಲೇ, ಬಸ್ ಸ್ಟ್ಯಾಂಡಿನ ಹತ್ರದಿಂದ, ಜೋರಾಗಿ ಒದರಿದರೆ ಕೇಳಿಸೀತೋ ಏನೋ. ಆಕೆ ನಕ್ಕಳು, ಕೆಟ್ಟ ನಗೆಯಲ್ಲ, ಮನೆಯವರ ನಗೆ. ಮುಂದ ಸೊನ್ನಿ ಹಚ್ಚಲಿಲ್ಲ ಹೌದಲ್ಲೋ, ಈ ಎಸ್‌ಟಿಡಿ ಬಂದಾಗಿಂದ ಸೊನ್ನಿ ಬಿಟ್ಟೋರೆಲ್ಲ ಕರ್ನೂಲಿಗೆ ಹೊಂಟು ನಮ್ಮನಿಗೆ ಬೀಳ್ತಾರ್ರೀ, ನಮ್ಮ ನಂಬರ್ರೇ ಹಂಗ ಅದ, ಎಂಟು ಐದು ಒಂದು ಎಂಟು, ರೇಷನ್ ಕಾರ್ಡಿನೋರು ಬೀಳ್ತಾರ, ಕರೆಂಟಿನೋರು ಬೀಳ್ತಾರ, ಮೊನ್ನೆ ಒಬ್ರು ಎಮ್ಮಿಗೆ ಸೂಜಿ ಹಾಕ್ಸೂದು ಯಾವಾಗ ಅಂತ ಕೇಳಿದ್ರು, ನಾ ಬೇಸ್ತವಾರ ಅಂದೆ, ಅಷ್ಟು ಗೊತ್ತಾಗೇದ ನಂಗ. ಸೊನ್ನಿ ಅಂದ್ರ ಊರ ಅಗಸಿ ಬಾಗಿಲ ಇದ್ಹಂಗ್ರೀ, ಮೊದಲ ಅಗಸಿ ದಾಟಬೇಕು, ಆಮ್ಯಾಲೆ ಊರ ನಂಬರ್ರು, ಆಮ್ಯಾಲೆ ಮನೀದು, ಅಗಸಿ ದಾಟದಿದ್ರ ಇಲ್ಲೇ ನಮ್ಮ ಓಣ್ಯಾಗೇ ಸುತ್ತತೀರಿ. ರೊಕ್ಕಾನೂ ಹಂಗ ಆಗ್ತದ, ಸೊನ್ನಿ ಇಲ್ದಿದ್ರ ಒಂದೇ ರೂಪಾಯಿ, ಇದ್ರ ಮೀಟರ್ ಓಡ್ತದ, ಮಾತು ಮೊದ್ಲ ಜೋಡಿಸ್ಕೊಂಡು ಹಚ್ಚರೀ, ಹೆಸರು ಊರು ಬೋರಿಂಗ್, ಅಷ್ಟ. ಆಗಲವ್ವ ಅಂದೆ. ನಾನು ಅಂದೆ, ಕೈಕಟ್ಟಿ ನಿಂತ ಹುಡುಗನ ಹಾಗೆ. ಎಣ್ಣಿ ಹೊತ್ತೀತು, ಇಡ್ತೀನಿ, ನೀರು ಬಂದ್ರ ಹೇಳ್ರೀ, ನಂಬರ್ ಹೆಂಗೂ ಗೊತ್ತದಲ್ಲ.

ಬಾಗಿಲ ಹೊರಗೆ ಮಾರೆಣ್ಣ ನಿಂತೇ ಇದ್ದಾನೆ, ಗೋಡೆ ನೋಡುತ್ತ, ನಗು ನುಂಗುತ್ತ, ಈಗ ನೆನಪಾಯಿತು, ಮೂರನೇ ಕ್ಲಾಸು, ಸ್ಲೇಟಿನ ಮೇಲೆ ಮುದ್ದಾಂ, ಬೇಕಂತಲೇ, ಸೊನ್ನೆ ಎರಡು ಐದು ಅಂತ ಬರೆದುಕೊಂಡು ಬಂದಿದ್ದ, ಅಂಗೈಯಿಂದ ಒರೆಸಿದ್ದೆ, ಹಿಂದಿನ ಸಾಲಿನಿಂದ ಬಂದ ಪ್ರಶ್ನೆ, ಮೊದ್ಲ ಬಂದು ನಿಂತೈತಲ್ರಿ ಸಾ, ಅದಕ್ಯಾಕ ಬೆಲಿ ಇಲ್ಲ, ಎಲ್ಲರೂ ನಕ್ಕಿದ್ದರು, ನಾನೂ ನಕ್ಕಿದ್ದೆ. ಮಾರೆಣ್ಣ, ಅಂದೆ. ಸಾರ್. ಸೊನ್ನಿ ಹಚ್ಚಲೇನೋ. ಹಚ್ಚರಿ ಸಾರ್, ಕಟ್ಟಕಡೀ ತೂತು ಅದು, ಪೂರಾ ಸುತ್ತಿ ಬರತೈತಿ, ಬರೋತನ ತಡೀರಿ. ಬೆರಳು ಹಾಕಿದೆ, ಒಂದರಿಂದ ಒಂಬತ್ತರವರೆಗೆ ಎಲ್ಲ ದಾಟಿ ಕೊನೆಯದು, ತಡೆಯ ತನಕ ಎಳೆದೆ, ಬಿಟ್ಟೆ, ತಿರ್ರ್ ಅಂತ ನಿಧಾನ, ಎಲ್ಲಕ್ಕಿಂತ ದೂರದಿಂದ ಬರುವುದು ಅದೇ, ಆಮೇಲೆ ಉಳಿದವು, ಕೆಂಪು ಅಂಕಿಗಳ ಮೀಟರು ಕಣ್ಣು ತೆರೆಯಿತು – ಚೆಪ್ಪಂಡಿ, ಏ ಊರು, ಕರ್ನೂಲಿನ ಆಫೀಸೇ, ಯಾವ ಊರು ಹೇಳಿ ಅಂತ ತೆಲುಗಿನಲ್ಲಿ. ಹೆಸರು, ಊರು, ಬೋರಿಂಗ್, ರಾಡು ಕಳಚಿದೆ, ನಲವತ್ತು ಮನೆ, ಮಥುರಾಬಾಯಿ ಹೇಳಿದ ವರಸೆಯಲ್ಲೇ, ನಡುವೆ ಉಸಿರಿಲ್ಲ. ರಾಸ್ಕುನ್ನಾನು, ಬರ್ಕೊಂಡೆ ಮೇಷ್ಟ್ರೇ, ಪಟ್ಟಿಯಲ್ಲಿ ನಿಮ್ಮದೇ ಕಡೇದು, ನಾಳೆ ಹತ್ತಕ್ಕೆ ಬಂಡಿ. ನಾಲ್ಕೂ ಐವತ್ತಾರು. ಹೊರಗೆ ಬಂದರೆ ಉಚ್ಚಮ್ಮ, ಆತೇನ್ರಿ? ನಾಳೆ ಹತ್ತಕ್ಕವ್ವ. ಅವಳ ಮುಷ್ಟಿ ಬಿಚ್ಚಿತು, ಇಡೀ ದಿನದಲ್ಲಿ ಮೊದಲ ಸಲ, ಗಂಟು ಮೇಜಿನ ಮೇಲೆ ಬಿತ್ತು, ಇಷ್ಟೊತ್ತು ಏನು ಮಾಡಿದ್ರಿ ಒಳಗ ಅಂದಳು, ಸೊನ್ನಿ ಕಲ್ತೆ ಅಂದೆ, ಮುಪ್ಪಿನಾಗಾ ಅಂದಳು, ಮಾರೆಣ್ಣ ಕಡೆಗೂ ನಕ್ಕ. ಡೈರಿ ತೆಗೆದೆ, ಪೆನ್ನು ತೆಗೆದೆ, ನಂಬರಿನ ಎಡಗಡೆ ಒಂದಿಷ್ಟು ಜಾಗ ಇತ್ತು, ನಾನೇ ಬಿಟ್ಟ ಜಾಗ, ಅಲ್ಲಿ ಬರೆಯಬೇಕು, ಬೆರಳು ಯಾಕೋ ತಡೆಯಿತು, ಕರಿಹಲಗೆ, ಅಂಗೈಯ ಸುಣ್ಣ, ಎಷ್ಟು ಒರೆಸಿದರೂ ಹೋಗದೆ ಉಳಿಯುತ್ತಿದ್ದ ಆ ಮಸುಕು ಉಂಗುರ, ಇಪ್ಪತ್ತೈದರ ಎಡಗಡೆ, ಹಿಂದಿನ ಸಾಲಿನ ಕೊನೆಯಿಂದ ಅವನು ಅದನ್ನೇ ನೋಡುತ್ತಿದ್ದನೇನೋ, ಪೆನ್ನು ಊರಿ ದುಂಡಗೆ ಬರೆದೆ, ಅದೇ ಉಂಗುರ –