ಹಿಂದೆ ಬರುವ ಬಸ್ಸು

ಹೋದ ವರ್ಷ ನಾನು ಮ್ಯಾರಥಾನ್ ಓಡಲು ಹೋಗಿ ಬಸ್ಸಿನಲ್ಲಿ ವಾಪಸ್ಸು ಬಂದವಳು. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಮ್ಮ ಲಾಂಡ್ರಿಯ ಹೆಂಗಸರು ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ಅವರಿಗೆ ಆ ಸಂತೋಷ ಯಾಕೆ ಕೊಡಬೇಕು?

ಊರಿನ ಈ ದೊಡ್ಡ ಓಟ ನಲವತ್ತೆರಡು ಕಿಲೋಮೀಟರಿನದು. ಸಾವಿರಾರು ಜನ ಮುಂದೆ ಓಡುತ್ತಾರೆ, ಎಲ್ಲರ ಕೊನೆಗೆ ಒಂದು ಸಿಟಿ ಬಸ್ಸು ಬರುತ್ತದೆ. ಯಾವ ಸ್ಟಾಪನ್ನು ಎಷ್ಟು ಹೊತ್ತಿಗೆ ದಾಟಬೇಕು ಎಂದು ಅದಕ್ಕೆ ಮೊದಲೇ ಟೈಮು ಬರೆದುಕೊಟ್ಟಿರುತ್ತಾರೆ. ಅದು ನಿಮ್ಮನ್ನು ಹಿಡಿಯಿತೋ, ನಿಮ್ಮ ಓಟ ಮುಗಿಯಿತು. ಬಾಯಿ ಮುಚ್ಚಿಕೊಂಡು ಹತ್ತಬೇಕು, ಏಕೆಂದರೆ ಬಸ್ಸಿನ ಬೆನ್ನಿಗೇ ರಸ್ತೆಯನ್ನು ಗಾಡಿಗಳಿಗೆ ಬಿಟ್ಟುಬಿಡುತ್ತಾರೆ. ಹೋದ ವರ್ಷ ಆ ಬಸ್ಸು ನನ್ನನ್ನು ಅರ್ಧ ದಾರಿ ಕಳೆದ ಸ್ವಲ್ಪಕ್ಕೇ ಹಿಡಿಯಿತು. ಓಟ ಮುಗಿಸಿದವರೆಲ್ಲ ಕೊರಳಿಗೆ ಪದಕ ಹಾಕಿಕೊಂಡು ಬೀಗುತ್ತಿದ್ದ ಮೈದಾನಕ್ಕೆ ನಾನು ಕಿಟಕಿ ಪಕ್ಕ ಕೂತು ಮದುಮಗಳ ಹಾಗೆ ಬಂದಿಳಿದೆ. ಮಾರನೆಯ ದಿನದಿಂದ ಲಾಂಡ್ರಿಯಲ್ಲಿ ನನ್ನ ಹೆಸರು ಬಸ್ಸಮ್ಮ.

"ಬಸ್ಸಮ್ಮಾ, ಶೀಟಿನ ತುದಿ ಹಿಡ್ಕೊಳ್ಳೇ. ಇಲ್ಲಾ ಅಲ್ಲಿಂದ ಇಲ್ಲಿಗೆ ಬರೋಕೂ ಬಸ್ಸು ಬೇಕಾ?"

ಹೀಗೆ ಶುರುವಾದರೆ ಪಾಳಿ ಮುಗಿಯುವವರೆಗೂ ಹೊಟ್ಟೆ ಹಿಡಿದುಕೊಂಡು ನಗುವುದೇ. ಒಂದು ದಿನ ಮೈಯೆಲ್ಲ ಉರಿದುಹೋಗಿ ಎಲ್ಲರೆದುರು ಹೇಳಿಬಿಟ್ಟೆ: "ಈ ಸಲವೂ ಬಸ್ಸಲ್ಲಿ ಬಂದ್ರೆ ನನ್ನ ಶೂ ತಂದು ನಿಮ್ಮ ಕೈಗೇ ಕೊಡ್ತೀನಿ, ಬಾಯ್ಲರಿಗೆ ಹಾಕಿ. ಮತ್ತೆ ಓಟದ ಮಾತೆತ್ತಿದ್ರೆ ಕೇಳಿ." ಸಿಟ್ಟಿನಲ್ಲಿ ಆಡಿದ್ದು ನಿಜ. ಆದರೆ ಆಡಿದ ಮೇಲೆ ಆಡಿದ್ದೇ, ನಾನು ಅಂಥವಳು. ಐವತ್ತು ದಾಟಿದ ಮೇಲೆ ನನಗೆ ಹಿಡಿದ ಒಂದೇ ಒಂದು ಹುಚ್ಚು ಈ ಓಟ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಉಸಿರು ಬಿಸಿಯಾಗಿ, ಕಾಲು ತಾನಾಗಿಯೇ ಹೋಗತೊಡಗಿದಾಗ ಆಗುವ ಖುಷಿಯನ್ನು ನಾನು ಯಾರಿಗೂ ಬಾಯಿಬಿಟ್ಟು ಹೇಳಿಲ್ಲ. ಅದನ್ನು ಪಣಕ್ಕಿಟ್ಟು ಕೂತಿದ್ದೆ.

ನಮ್ಮ ಲಾಂಡ್ರಿ ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ವಾರ್ಡುಗಳ ಬೆಡ್‌ಶೀಟುಗಳೆಲ್ಲ ಅಲ್ಲಿಗೆ ಬರುತ್ತವೆ. ಒಗೆದದ್ದನ್ನು ಇಬ್ಬಿಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡುತ್ತೇವೆ. ಆ ಆವಿಯಲ್ಲಿ ಯಾವ ವಾಚೂ ಬದುಕುವುದಿಲ್ಲ, ಹಾಗಾಗಿ ಯಾರೂ ಕಟ್ಟುವುದಿಲ್ಲ. ನಮ್ಮ ಗಡಿಯಾರ ಎಂದರೆ ಸೂರಿನ ಹತ್ತಿರ ಇರುವ ಕಿಟಕಿ. ಅದರಲ್ಲಿ ರಸ್ತೆಯ ಮೇಲಿನ ಚಕ್ರಗಳಷ್ಟೇ ಕಾಣುತ್ತವೆ. ನಮ್ಮ ಯಜಮಾನರು ಓಡಿಸುವ ಬಸ್ಸಿನ ಚಕ್ರ ದಾಟಿತು ಎಂದರೆ ಚಹಾದ ಹೊತ್ತು. ವಾಪಸ್ಸು ದಾಟಿತು ಎಂದರೆ ಕೈ ತೊಳೆದುಕೊಂಡು ಮನೆಗೆ ಹೊರಡುವ ಹೊತ್ತು. ಮೇಲಿನ ಆಫೀಸಿನ ಗಡಿಯಾರ ತಪ್ಪಿದ್ದುಂಟು, ಆ ಚಕ್ರ ತಪ್ಪಿದ್ದಿಲ್ಲ.

ನಮ್ಮವರು ಸಿಟಿ ಬಸ್ಸಿನ ಡ್ರೈವರು. ಸ್ಟಾಪಿಗೆ ಒಂದು ನಿಮಿಷ ತಡವಾಗಿ ಬಂದವರಲ್ಲ, ಒಂದು ನಿಮಿಷ ಮುಂಚೆ ಬಿಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ನಾನು ಜಡೆ ಹಾಕಿಕೊಳ್ಳುವುದು ಕೊಂಚ ತಡವಾಯಿತು ಎಂದು ಹೊಸ ಹೆಂಡತಿಯನ್ನು ಸ್ಟಾಪಿನಲ್ಲೇ ಬಿಟ್ಟು ಬಸ್ಸು ಹೊರಡಿಸಿದ ಮಹಾನುಭಾವರು. ನಮ್ಮ ಅತ್ತೆಯನ್ನು ಕೇಳಿದರೆ, "ಡಾಕ್ಟರು ಹೇಳಿದ ದಿನಕ್ಕೇ ಹುಟ್ಟಿದ ಕೂಸಮ್ಮ ಅದು, ನಾನೇನು ಮಾಡ್ಲಿ?" ಎನ್ನುತ್ತಾರೆ.

ನನಗೆ ತರಬೇತಿ ಕೊಟ್ಟವರೂ ಅವರೇ. ಡ್ರೈವರು ತರಬೇತಿ ಕೊಟ್ಟರೆ ಹೇಗಿರುತ್ತದೆ? ಡಿಪೋದಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮಾರ್ಕೆಟ್ಟು, ಮಾರ್ಕೆಟ್ಟಿನಿಂದ ಸೇತುವೆ ಎಂದು ಸ್ಟಾಪಿನಿಂದ ಸ್ಟಾಪಿಗೆ ಓಡಿಸಿದರು. ಪ್ರತಿ ಸ್ಟಾಪಿನಲ್ಲೂ ನಿಲ್ಲಬೇಕು, ಉಸಿರು ಸರಿಮಾಡಿಕೊಳ್ಳಬೇಕು, ಮತ್ತೆ ಹೊರಡಬೇಕು. ನಾಲ್ಕು ತಿಂಗಳಲ್ಲಿ ನನ್ನ ಕಾಲಿಗೆ ಎಂಥ ಚಾಳಿ ಬಿತ್ತೆಂದರೆ, ಬಸ್ ಸ್ಟಾಪಿನ ಕಂಬ ಕಂಡರೆ ಸಾಕು, ಅವು ನನ್ನನ್ನು ಕೇಳದೆ ನಿಂತುಬಿಡುತ್ತಿದ್ದವು. ತರಕಾರಿಗೆ ಹೋದಾಗಲೂ ಅಷ್ಟೇ. ನೋಡಿದವರೆಲ್ಲ ನಕ್ಕರು, ಅತ್ತೆ ಮಾತ್ರ ನಗಲಿಲ್ಲ. ದಿನಾ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಬಕೆಟ್ಟಿನಲ್ಲಿ ತಣ್ಣೀರು ತುಂಬಿಸಿಟ್ಟು, ಕಾಲು ಇಳಿಬಿಟ್ಟು ಕೂರು ಎಂದು ಗದರುತ್ತಿದ್ದರು.

ಎಲ್ಲ ಸರಿಯಾಗಿ ನಡೆದಿತ್ತು. ಓಟಕ್ಕೆ ಹದಿನೈದು ದಿನ ಇದೆ ಎನ್ನುವಾಗ ನಮ್ಮವರು ಡ್ಯೂಟಿ ಮುಗಿಸಿ ಬಂದು, ಶೂ ಬಿಚ್ಚದೆ ಬಾಗಿಲಲ್ಲೇ ನಿಂತರು.

"ಏನ್ರೀ? ಯಾರಿಗಾದರೂ ಗುದ್ದಿದ್ರಾ?"

"ಥೂ, ಬಿಡ್ತು ಅನ್ನು. ಓಟದ ಭಾನುವಾರ ನಂಗೆ ಸ್ಪೆಷಲ್ ಡ್ಯೂಟಿ ಹಾಕಿದ್ದಾರೆ."

"ಎಲ್ಲಿ?"

"ನಿನ್ನ ಹಿಂದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು. ಕೊನೆಯ ಬಸ್ಸನ್ನು ಓಡಿಸಲು ಇಷ್ಟು ದೊಡ್ಡ ಊರಿನಲ್ಲಿ ಇವರೇ ಸಿಕ್ಕರೇ!

"ಆಗಲ್ಲ ಅಂತ ಹೇಳಿ ಬರಬಾರದಾ?"

"ಟೈಮಿಗೆ ಸರಿಯಾಗಿ ಓಡಿಸೋರು ಬೇಕು, ನೀನೇ ಹೋಗಪ್ಪ ಅಂದ್ರು. ಅದಕ್ಕೆ ಇಲ್ಲ ಅನ್ನೋಕಾಗುತ್ತೇನೇ?" ಹೇಳುವಾಗ ಎದೆ ಬೇರೆ ಉಬ್ಬಿತ್ತು. "ನೋಡು, ಈಗಲೇ ಹೇಳ್ತೀನಿ. ಬಸ್ಸಿಗೆ ಸಿಕ್ಕಿದ್ಯೋ, ಹತ್ತಿಸ್ಕೊಳ್ತೀನಿ. ಹೆಂಡತಿ ಗಿಂಡತಿ ಅಂತ ನೋಡಲ್ಲ."

"ಯಾರ್ರೀ ನಿಮ್ಮನ್ನ ನೋಡಿ ಅಂದಿದ್ದು? ನಂಗೋಸ್ಕರ ಎಲ್ಲಾದರೂ ನಿಧಾನ ಮಾಡಿದ್ರೋ, ಅವತ್ತೇ ನಿಮ್ಮ ಹಾಸಿಗೆ ಡಿಪೋದಲ್ಲಿ!"

ಒಳಗಿನಿಂದ ಅತ್ತೆ, "ಇಬ್ಬರೂ ಬಾಯಿ ಮುಚ್ಚಿ, ಊಟ ಆರ್ತಿದೆ" ಎಂದು ಕೂಗಿದರು.

ಓಟದ ದಿನ ಬೆಳಕು ಹರಿಯುವ ಮೊದಲೇ ಮೈದಾನ ಗಿಜಿಗುಡುತ್ತಿತ್ತು. ಅಬ್ಬಾ, ಆ ಜನ! ಎಲ್ಲಿ ನೋಡಿದರೂ ಬಣ್ಣಬಣ್ಣದ ಬನಿಯನ್ನು, ಎದೆಗೆ ಪಿನ್ನು ಚುಚ್ಚಿದ ನಂಬರು, ಗುರುತಿಲ್ಲದವರೂ ಒಬ್ಬರ ಭುಜ ಒಬ್ಬರು ತಟ್ಟುವುದು. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಹೆದರಿಕೆಗಲ್ಲ, ಖುಷಿಗೆ. ಪಟಾರೆಂದು ಗುಂಡಿನ ಸದ್ದಾಯಿತು. ಮುಂದಿನವರು ಕದಲಿದರು, ಆಮೇಲೆ ನಾವೂ ಕದಲಿದೆವು. ಸಾವಿರಾರು ಶೂಗಳು ಒಟ್ಟಿಗೆ ರಸ್ತೆಗೆ ಬಡಿಯುವ ಆ ಸದ್ದು ಕೇಳಿ ನನಗೆ ತಡೆಯಲಾಗದೆ ಸಣ್ಣ ಹುಡುಗಿಯ ಹಾಗೆ ಕೂಗಿಬಿಟ್ಟೆ. ಪಕ್ಕದವನು ತಿರುಗಿ ನೋಡಿ ತಾನೂ ಕೂಗಿದ.

ಅರ್ಧ ದಾರಿ ಹೇಗೆ ಕಳೆಯಿತೋ ಗೊತ್ತಾಗಲಿಲ್ಲ. ಬಸ್ ಸ್ಟಾಪು ಬಂದಾಗ ಮಾತ್ರ ಕಾಲು ತಡವರಿಸುತ್ತಿದ್ದವು, "ಮುಚ್ಕೊಂಡು ನಡೀರಿ" ಎಂದು ನಾನೇ ಅವಕ್ಕೆ ಬೈದು ಎಳೆದುಕೊಂಡು ಹೋದೆ. ಹೋದ ವರ್ಷ ಬಸ್ಸು ಹತ್ತಿದ ಜಾಗ ಬಂತು. ಅದನ್ನು ನೋಡಿ ನಾಲಿಗೆ ಚಾಚಿ ಮುಂದೆ ಓಡಿದೆ. ಇನ್ನು ನನ್ನನ್ನು ಹಿಡಿಯುವವರು ಯಾರು!

ಮಾರ್ಕೆಟ್ಟು ದಾಟಿ ನೇರ ರಸ್ತೆಗೆ ಬಿದ್ದೆ. ನೀರಿನ ಮೇಜಿನ ಹತ್ತಿರ ಲೋಟ ಎತ್ತಿಕೊಂಡು ಸುಮ್ಮನೆ ಹಿಂದಿರುಗಿ ನೋಡಿದೆ. ರಸ್ತೆಯ ಆ ತುದಿಯಲ್ಲಿ ಬಸ್ಸು ಬರುತ್ತಿತ್ತು.

ನನ್ನ ಜೀವ ಬಾಯಿಗೆ ಬಂತು. ಇಷ್ಟು ಬೇಗ ಹೇಗೆ ಬಂತು? ನಾನು ಚೆನ್ನಾಗಿ ಓಡುತ್ತಿದ್ದೇನೆ ಅಂದುಕೊಂಡದ್ದೆಲ್ಲ ಬರೀ ಭ್ರಮೆಯೇ? ಕೈಯಲ್ಲಿ ವಾಚಿಲ್ಲ, ಅದರ ಅಭ್ಯಾಸವೂ ಇಲ್ಲ. ಯಾರನ್ನಾದರೂ ಟೈಮು ಕೇಳಬಹುದಿತ್ತು, ಆದರೆ ಯಾಕೆ ಕೇಳಲಿ? ನಮ್ಮವರ ಬಸ್ಸು ಬಂದಿದೆ ಎಂದ ಮೇಲೆ ಟೈಮು ಆಗಿದೆ ಎಂದೇ ಅರ್ಥ. ಇಷ್ಟು ವರ್ಷ ಆ ಚಕ್ರ ನೋಡಿಯೇ ಚಹಾ ಕುಡಿದವಳು ನಾನು.

ಲೋಟ ಎಸೆದು ಬಿದ್ದಂಬೀಳ ಓಡಿದೆ. ಓಡಬಾರದ ವೇಗದಲ್ಲಿ ಓಡಿದೆ. ಮತ್ತೆ ತಿರುಗಿ ನೋಡಿದರೆ ಬಸ್ಸು ಇನ್ನೂ ಹತ್ತಿರ! ಅದರೊಳಗೆ ಅಲ್ಲೊಬ್ಬರು ಇಲ್ಲೊಬ್ಬರು ಕೂತಿದ್ದದ್ದೂ ಕಾಣುತ್ತಿತ್ತು. ನನ್ನ ಹಿಂದೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಸೇತುವೆ ಹತ್ತುವಷ್ಟರಲ್ಲಿ ಎಡಗಾಲಿನ ಮೀನಖಂಡ ಗಂಟು ಕಟ್ಟಿಕೊಂಡಿತು. ಇಳಿಜಾರಿನಲ್ಲಿ ಕುಂಟಿದೆ. ಇಳಿದ ಕೂಡಲೇ ಒಂದು ಬಸ್ ಸ್ಟಾಪು. ಕಾಲು ನಿಂತೇಬಿಟ್ಟವು. ಈ ಸಲ ಬೈದರೂ ಕದಲಲಿಲ್ಲ.

ಕಂಬ ಹಿಡಿದುಕೊಂಡು ನಿಂತೆ. ಅಳು ಒತ್ತರಿಸಿ ಬಂತು. ಮುಗಿಯಿತು, ಶೂ ಬಾಯ್ಲರಿಗೆ. ಬಸ್ಸು ಮೆಲ್ಲಗೆ ಬಂದು, ಮೂತಿ ನನ್ನನ್ನು ದಾಟುವ ಮೊದಲೇ ನಿಂತಿತು. ಬಾಗಿಲು ತೆರೆಯಿತು. ನಾನು ಮೂಗು ಒರೆಸಿಕೊಂಡು, ಕುಂಟುತ್ತಾ ಹೋಗಿ, ಮೆಟ್ಟಿಲ ಮೇಲೆ ಕಾಲಿಟ್ಟೆ.

"ಇಳಿ ಕೆಳಗೆ!" ಎಂದರು ನಮ್ಮವರು.

"ಏನು?"

"ಇಳಿಯೇ ಮಾರಾಯ್ತಿ. ಟೈಮ್ ಆಗಿಲ್ಲ ಇನ್ನೂ."

"ಟೈಮ್ ಆಗದೆ ನೀವು ಹೇಗ್ರೀ ಬಂದ್ರಿ?"

ಅವರು ಸ್ಟಿಯರಿಂಗ್ ನೋಡಿಕೊಂಡು ಕೂತರು. ಆ ಮುಖದ ಮೇಲೆ ಅಂಥ ನಾಚಿಕೆಯನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. "ಮುಂಚೆ ಬಂದುಬಿಟ್ಟೆ," ಎಂದರು ಮೆಲ್ಲಗೆ. "ಎಲ್ಲೂ ನೀನು ಕಾಣಿಸ್ಲಿಲ್ಲ. ಎಲ್ಲಾದರೂ ಬಿದ್ದಿದ್ಯೋ ಏನೋ ಅಂತ... ಒಂದ್ಸಲ ಕಣ್ಣಿಗೆ ಬೀಳಲಿ ಅಂತ ಸ್ವಲ್ಪ ಒತ್ತಿದೆ. ಕಂಡ ಮೇಲೆ ನಿಧಾನ ಮಾಡೋಕೆ ಮನಸ್ಸೇ ಬರ್ಲಿಲ್ಲ. ಎಷ್ಟು ಚೆನ್ನಾಗಿ ಓಡ್ತಿದ್ದೆ ಕಣೇ ನೀನು."

ಹಿಂದಿನ ಸೀಟಿನಿಂದ ಕಾಲಿಗೆ ಬ್ಯಾಂಡೇಜು ಸುತ್ತಿಕೊಂಡಿದ್ದ ಗಡ್ಡದವನೊಬ್ಬ ಕೂಗಿದ: "ಆಂಟೀ, ನಾವೆಲ್ಲ ಆಗದೆ ನಾವಾಗೇ ಕೈ ತೋರಿಸಿ ಹತ್ತಿದವ್ರು. ನಿಮಗೆ ಬೇಕಾದಷ್ಟು ಟೈಮಿದೆ. ಹೋಗ್ರೀ!"

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ನಿಮ್ಮ ಬಸ್ಸಿಗಿಷ್ಟು ಬೆಂಕಿ ಹಾಕ! ಮಾರ್ಕೆಟ್ಟಿಂದ ಇಲ್ಲಿವರೆಗೆ ಸಾಯೋ ಹಾಗೆ ಓಡಿದೀನಲ್ರೀ! ಇಷ್ಟು ವರ್ಷ ಇಲ್ಲದ್ದು, ಇವತ್ತೇ ಬೇಕಿತ್ತಾ ನಿಮಗೆ ಮುಂಚೆ ಬರೋದು? ಇನ್ನು ಇಲ್ಲಿಂದ ಕದಲಿದ್ರೆ ನೋಡಿ!"

"ಕದಲಲ್ಲ. ಟೈಮ್ ಆಗೋವರೆಗೆ ಈ ಸ್ಟಾಪ್ ಬಿಡಲ್ಲ. ನೀನು ಹೋಗು."

"ಹೋಗ್ತೀನಿ!"

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಯಾರೋ ತಗಡಿಗೆ ಬಡಿಯತೊಡಗಿದರು, ಉಳಿದವರೂ ಸೇರಿಕೊಂಡರು. ನಾನು ಮೀನಖಂಡವನ್ನು ಎರಡು ಕೈಯಲ್ಲಿ ಹಿಂಡಿ, ಹಲ್ಲು ಕಚ್ಚಿ ಹೊರಟೆ. ಮೊದಲು ಕುಂಟು, ಆಮೇಲೆ ನಡಿಗೆ, ಆಮೇಲೆ ದೇವರಾಣೆ ಓಟವೇ. ಗಂಡನನ್ನು ಬೈದುಕೊಂಡು ಓಡುವುದರಲ್ಲಿ ಎಂಥ ಶಕ್ತಿ ಇದೆ ಎಂದು ಅವತ್ತು ಗೊತ್ತಾಯಿತು. ಒಂದು ಸ್ಟಾಪಿನವರೆಗೆ ಬೈದೆ. ಎರಡನೆಯ ಸ್ಟಾಪಿನ ಹೊತ್ತಿಗೆ ಬೈಗುಳ ಖಾಲಿಯಾಗಿ ನಗು ಬರತೊಡಗಿತು. ನನ್ನನ್ನು ನೋಡಬೇಕು ಎಂದು ಆ ಮನುಷ್ಯ ಟೈಮು ತಪ್ಪಿದ! ನಗುತ್ತಲೇ ಅತ್ತುಬಿಟ್ಟೆ, ಅಳುತ್ತಲೇ ಓಡಿದೆ.

ಮೈದಾನದ ತಿರುವಿನಲ್ಲಿ ಲಾಂಡ್ರಿಯ ಹೆಂಗಸರು ಕಂಡರು. ರಜೆಯ ದಿನ ಮನೆ ಬಿಟ್ಟು ಬಂದಿದ್ದರು, ನನ್ನನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಎಂದೇ ಇರಬೇಕು. ನನ್ನನ್ನು ರಸ್ತೆಯ ಮೇಲೆ ಕಂಡದ್ದೇ ತಡ, ಬೇಲಿ ಮುರಿಯುವ ಹಾಗೆ ಕಿರುಚಿದರು. ಅವರ ನಡುವೆ ಮಡಿಚುವ ಕುರ್ಚಿಯ ಮೇಲೆ ಕೂತಿದ್ದ ಅತ್ತೆ ಊರುಗೋಲು ಬೀಸುತ್ತಾ, "ತಲೆ ಎತ್ತೇ! ನೆಲ ಏನು ನೋಡ್ತೀಯ, ಮುಂದೆ ನೋಡು!" ಎಂದು ಕೂಗಿದರು. ಮುಂದೆ ನೋಡಿದೆ. ದೊಡ್ಡ ಕಮಾನು, ಅದರ ಮೇಲೆ ಗಡಿಯಾರ, ಅದರಲ್ಲಿ ಇನ್ನೂ ಟೈಮಿತ್ತು. ಎರಡೂ ಕೈ ಮೇಲಕ್ಕೆತ್ತಿ ಅದರ ಕೆಳಗೆ ಓಡಿಹೋದೆ. ಯಾರೋ ಕೊರಳಿಗೆ ಪದಕ ಹಾಕಿದರು. ಮುಗಿಸಿದೆ! ನನ್ನ ಕಾಲಿನ ಮೇಲೇ ಬಂದು ಮುಗಿಸಿದೆ!

ಹೆಂಗಸರು ಮುತ್ತಿಕೊಂಡು ತಬ್ಬಿದರು, ಹಿಂಡಿದರು. ಟೆಂಟಿನಲ್ಲಿ ಮಲಗು, ಕಾಲು ಒತ್ತುತ್ತೇವೆ ಎಂದು ಎಳೆದರು. ನಾನು ಹೋಗಲಿಲ್ಲ. ಹಿಂದಿರುಗಿ ನೋಡಿದರೆ ರಸ್ತೆ ಖಾಲಿ. ನೋಡಬೇಕೆಂದು ಅಷ್ಟು ಆತುರಪಟ್ಟವರು, ನನ್ನ ಬಾಯಿಗೆ ಹೆದರಿ ಆ ಸ್ಟಾಪಿನಲ್ಲೇ ನಿಂತಿದ್ದರು. ನಾನು ಮುಗಿಸಿದ್ದನ್ನು ಅವರೊಬ್ಬರನ್ನು ಬಿಟ್ಟು ಊರೆಲ್ಲ ನೋಡಿದಂತಾಯಿತು.

ಕಮಾನಿನ ಪಕ್ಕದ ಬೇಲಿ ಹಿಡಿದುಕೊಂಡು ನಿಂತೆ. ತೊಡೆ ಗಡಗಡ ನಡುಗುತ್ತಿತ್ತು. ಹೆಂಗಸರು ಬೈದರು, ಅತ್ತೆ ಕುರ್ಚಿ ಕಳಿಸಿದರು. ಕೂರಲಿಲ್ಲ. ಕೊನೆಗೂ ತಿರುವಿನಲ್ಲಿ ಬಸ್ಸಿನ ಮೂತಿ ಕಾಣಿಸಿತು. ಕಮಾನಿನ ಗಡಿಯಾರ ನೋಡಿದೆ. ಕೊಟ್ಟ ಟೈಮಿಗೆ ಸರಿಯಾಗಿ, ಒಂದು ನಿಮಿಷ ಆಚೆ ಇಲ್ಲ, ಈಚೆ ಇಲ್ಲ.

ನಮ್ಮವರು ಎಂಜಿನ್ ನಿಲ್ಲಿಸಿ ಇಳಿದು ಬಂದರು. ಪದಕ ನೋಡಿದರು, ನನ್ನ ಮುಖ ನೋಡಿದರು, ನಡುಗುತ್ತಿದ್ದ ಕಾಲು ನೋಡಿದರು.

"ಟೆಂಟಲ್ಲಿ ಮಲಗೋದು ಬಿಟ್ಟು ಇಲ್ಲಿ ಯಾಕೆ ನಿಂತಿದ್ದೀಯೇ?"

"ನೀವು ನೋಡ್ಬೇಕಿತ್ತಲ್ಲ, ಅದಕ್ಕೆ," ಎಂದೆ. ಕೂಡಲೇ ದನಿ ಏರಿಸಿದೆ. "ಆಗಿನಿಂದ ಕಾಯ್ತಾ ಇದ್ದೀನಿ. ಎಷ್ಟು ಲೇಟ್ರೀ ನೀವು!"

ಅವರು ಕೈಗಡಿಯಾರ ಎತ್ತಿ ನೋಡಿಕೊಂಡರು. ಆಮೇಲೆ ಕೈ ಇಳಿಸಿ, ನನ್ನ ತೋಳು ಹಿಡಿದುಕೊಂಡರು.

"ಹೌದು ಕಣೇ," ಎಂದರು. "ಲೇಟಾಯ್ತು."