ಲೈಸೆನ್ಸ್ ಬರುವವರೆಗೆ

ಮೈತ್ರಿ ಆಸ್ಟ್ರೇಲಿಯಾದಲ್ಲಿ ಕೈರೋಪ್ರಾಕ್ಟಿಕ್ ಕಲಿತವಳು. ಬೆನ್ನು, ಕತ್ತುಗಳ ನೋವನ್ನು ಕೈಯಿಂದಲೇ ಸರಿಪಡಿಸಬಲ್ಲವಳು. ನೈರೋಬಿಗೆ ಬಂದು, ಸೌತ್ ಬಿ ಬಡಾವಣೆಯಲ್ಲಿ ಜಯಲಕ್ಷ್ಮಿ ಟೀಚರ ಮನೆಯ ಮುಂಗೋಣೆಯನ್ನು ಬಾಡಿಗೆಗೆ ಹಿಡಿದು, ಅಲ್ಲಿ ಚಿಕಿತ್ಸೆಯ ಮಂಚ ಹಾಕಿಕೊಂಡು ಲೈಸೆನ್ಸಿಗಾಗಿ ಕಾಯುತ್ತಿದ್ದಳು. ಅವಳ ಪದವಿಯನ್ನು ಯಾವ ವಿಭಾಗಕ್ಕೆ ಸೇರಿಸುವುದೋ ತಿಳಿಯದೆಂದು ಲೈಸೆನ್ಸ್ ಕಚೇರಿಯವರು ಆ ದಿನವೂ ಹಿಂದಕ್ಕೆ ಕಳಿಸಿದರು.

ಮನೆಗೆ ಬಂದರೆ ಟೀಚರು ಕತ್ತು ತಿರುಗಿಸಲಾಗದೆ ಕೂತಿದ್ದರು.

"ಯಾರಿಗೂ ಹೇಳಲ್ಲ ಕಣಮ್ಮ, ಸ್ವಲ್ಪ ನೋಡು."

"ಲೈಸೆನ್ಸ್ ಇಲ್ದೆ ಮುಟ್ಟಿದ್ದು ಗೊತ್ತಾದ್ರೆ ಆಮೇಲೆ ಕೊಡೋದೇ ಇಲ್ಲ, ಟೀಚರ್."

"ಈಗ ಮಾತ್ರ ಕೊಡ್ತಾರಾ?"

ಟೀಚರು ಕೂತ ರೀತಿಯಲ್ಲೇ ಮೈತ್ರಿಗೆ ನೋವಿನ ಜಾಗ ತಿಳಿದುಹೋಗಿತ್ತು. ಆದರೂ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಟ್ಯಾಕ್ಸಿಗೆ ಫೋನ್ ಮಾಡಿದಳು.

ಮುಂದಿನ ವಾರ, ಲೈಸೆನ್ಸ್ ಬರುವ ಆಸೆ ಬಿಟ್ಟು, ಮಂಚವನ್ನು ಮಡಚಿ, ಕೋಣೆ ಬಿಟ್ಟುಕೊಟ್ಟಳು. ಆ ದಿನ ತಮ್ಮ ಕತ್ತು ಮುಟ್ಟದವಳನ್ನು ಟೀಚರು ತಡೆಯಲಿಲ್ಲ.